ಕಿವುಡಜ್ಜನಿಗೆ ಹೇಳಿದ ಕಾರಣ

ಕಪ್ಪೆಕೆರೆಯ ತೂಬನ್ನು ಪೂರ್ತಿ ಎತ್ತಿದ ದಿನ ಬೆಳಿಗ್ಗೆ, ಏರಿಯ ಮೇಲೆ ನಿಂತು ಕೆರೆಯ ಮೀನುಗಾರ ತಿಬೋ ಮಾತಾಡುತ್ತಿದ್ದ. ಅವನು ಯಾವಾಗಲೂ ಮಾತಾಡುತ್ತಲೇ ಇರುವವನು. ವಾರದಿಂದ ತುಸುತುಸುವೇ ನೀರು ಬಿಟ್ಟದ್ದು, ಈ ಸಲ ಗೆಂಡೆ ಮೀನು ಕೊಬ್ಬಿ ಬಂದದ್ದು, ಪೈಕ್ ಮೀನೊಂದು ಬೆರಳು ಕಚ್ಚಿದ್ದು, ಅತ್ತೆಯ ಮೊಣಕಾಲು ನೋವು, ಮಂಜು. ಒಂದರ ಬಾಲ ಇನ್ನೊಂದರ ಬಾಯಲ್ಲಿ ಎಂಬಂತೆ ವಾಕ್ಯಗಳು ಹೊರಬರುತ್ತಿದ್ದವು. ಕಾಡಿನ ಕೆಲಸಕ್ಕೆ ಹೋಗುವ ಒದೀಲ್ ಮೂರು ಚಳಿಗಾಲ ಇದೇ ಏರಿಯ ಮೇಲೆ ನಿಂತು ಇವನ್ನೆಲ್ಲ ಕೇಳಿದ್ದಳು. ಕೇಳಿ, ತಲೆಯಾಡಿಸಿ, ಮುಂದೆ ಹೋಗಿದ್ದಳು. ಅಂದು ಅವಳಿಗೆ, ಈ ವಾಕ್ಯ ಮುಗಿಯುವಂಥದ್ದಲ್ಲ, ಕಾಯುತ್ತ ನಿಂತರೆ ಇಲ್ಲೇ ಮುದುಕಿಯಾಗುತ್ತೇನೆ ಎನ್ನಿಸಿತು. ಹಾಗೆ ಅನ್ನಿಸಿದ್ದಷ್ಟೇ ಅವಳಿಗೆ ನೆನಪು. ಎರಡೂ ಕೈಯಲ್ಲಿ ಅವನ ಮುಖ ಹಿಡಿದು ತುಟಿಗೆ ಮುತ್ತಿಟ್ಟಿದ್ದಳು.

ತಿಬೋ ಸುಮ್ಮನಾದ.

ಅವನ ಬಾಯಿ ಅರ್ಧ ತೆರೆದಿತ್ತು. ಅತ್ತೆಯ ಮೊಣಕಾಲಿಗೆ ಮುಂದೇನಾಯಿತು ಎಂಬುದು ಅಲ್ಲೇ ಉಳಿಯಿತು. ಒದೀಲ್ ಕೂಡ ಏನೂ ಹೇಳಲಿಲ್ಲ, ಅವಳು ಸಾಮಾನ್ಯವಾಗಿ ಹೇಳುವವಳಲ್ಲ. ಚೀಲ ಹೆಗಲಿಗೇರಿಸಿ ಏರಿ ಇಳಿದಳು. ತಿರುವಿನಲ್ಲಿ ಹಿಂದೆ ನೋಡಿದಾಗ ತಿಬೋ ತೂಬಿನ ಸಲಾಕೆ ಹಿಡಿದು ಹಾಗೇ ನಿಂತಿದ್ದ. ಕೆಳಗೆ ನೀರು ಮಾತ್ರ ಭೋರ್ಗರೆದು ಹೊರಬೀಳುತ್ತಿತ್ತು.

ಮೌನಗಳ ವಿಚಾರ ಒದೀಲ್‌ಗೆ ಚೆನ್ನಾಗಿ ಗೊತ್ತಿತ್ತು. ಹಿಮ ಬಿದ್ದ ಮರುದಿನದ ಕಾಡಿನದು ಒಂದು ಬಗೆ. ಊಟದ ಮೇಜಿನಲ್ಲಿ ಅಪ್ಪನದು ಇನ್ನೊಂದು ಬಗೆ. ಅವುಗಳಲ್ಲಿ ಬೆಳೆದವಳು ಅವಳು. ಆದರೆ ಈ ಮೌನವನ್ನು ಅವಳೇ ಮಾಡಿದ್ದಳು. ಅದು ಒಪ್ಪಿಗೆಯೋ ಗಾಬರಿಯೋ ಬೇಡವೆಂಬುದೋ ಅವಳಿಗೆ ತಿಳಿಯಲಿಲ್ಲ. ತಿಳಿಯದ್ದಕ್ಕೆ ದುಗುಡವಾಗಬೇಕಿತ್ತು. ಅದರ ಬದಲು ಅವಳಿಗೆ ನಗು ಬಂತು. ಕಾಡಿನ ದಾರಿಯುದ್ದಕ್ಕೂ ಒಬ್ಬಳೇ ನಕ್ಕಳು. ಉದುರಿದ ಬೀಚ್ ಮರದ ಎಲೆಗಳನ್ನು ಬೂಟಿನಿಂದ ಒದ್ದು ಹಾರಿಸಿದಳು. ಕೆಲಸದವರು ಸೇರುವ ಕವಲುದಾರಿಗೆ ಬಂದಾಗ ಅವಳ ಟೋಪಿಯೊಳಗೂ ಎಲೆಗಳಿದ್ದವು.

"ಇದೇನೆ ಅವತಾರ? ಹಂದಿ ಅಟ್ಟಿಸ್ಕೊಂಡು ಬಂತಾ?" ಅಂದಳು ಗಿಲೇನ್.

"ಎಂಥ ಚೆಂದದ ಬೆಳಿಗ್ಗೆ ಅಲ್ವಾ!" ಅಂದಳು ಒದೀಲ್.

ಗಿಲೇನ್ ಫಿರ್ಮೆಂನ ಮುಖ ನೋಡಿದಳು, ಫಿರ್ಮೆಂ ಅವಳ ಮುಖ ನೋಡಿದ. ಒದೀಲ್ ಬೆಳಿಗ್ಗೆ ಆಡುವ ಮಾತು ಸಾಮಾನ್ಯವಾಗಿ ಒಂದೇ, "ನಮಸ್ಕಾರ". ಅದನ್ನೂ ಕೆಲವು ದಿನ ತಲೆಯಾಡಿಸಿ ಮುಗಿಸುತ್ತಿದ್ದಳು.

"ಜ್ವರ ಬಂದಿದ್ಯಾ ಮಗಾ?" ಫಿರ್ಮೆಂ ಕೇಳಿದ. ಅವನು ಈ ಕಾಡಿನಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವನು. ಒದೀಲ್‌ಗೆ ಕೊಡಲಿ ಹಿಡಿಯುವುದನ್ನು ಕಲಿಸಿದವನೂ ಅವನೇ.

"ಸಾಕು, ಹೊತ್ತಾಗ್ತಿದೆ," ಎಂದ ವೆರ್ದಿಯೆ. ದಪ್ಪ ಮೀಸೆಯ ಅವನು ಈ ಗುಂಪಿನ ಮುಖ್ಯಸ್ಥ, ಎಲ್ಲರೂ ಶೆಫ್ ಎಂದು ಕರೆಯುತ್ತಿದ್ದರು. "ಇವತ್ತು ಹಳ್ಳದ ಬಡಗಣ ದಡ. ಹುಷಾರು. ತೆಂಕಣ ದಡ ಹೋದ ವಾರನೇ ಮುಗಿದಿದೆ, ನಾಳೆ ಬೆಳಿಗ್ಗೆ ಮರದ ವ್ಯಾಪಾರಿಗಳು ಅದನ್ನ ನೋಡೋಕೆ ಬರ್ತಾರೆ. ಅವರು ಕಣ್ಣಲ್ಲಿ ನೋಡಿದ್ಮೇಲೆ ಮುದ್ರೆ ಮುದ್ರೆನೇ. ದೇವರು ಬಂದ್ರೂ ವಾಪಸ್ ತಗೊಳೋಕಾಗಲ್ಲ."

ಅವರ ಕೆಲಸ ಮರಗಳಿಗೆ ಮುದ್ರೆ ಹೊಡೆಯುವುದು. ಕೈಯಲ್ಲಿರುವ ಸುತ್ತಿಗೆಯ ಒಂದು ಬದಿ ಕೊಡಲಿ, ಇನ್ನೊಂದು ಬದಿ ಸರಕಾರದ ಮುದ್ರೆ. ಕೊಡಲಿಯಿಂದ ತೊಗಟೆಯನ್ನು ಅಂಗೈಯಗಲ ಕೆತ್ತಿ, ಬೆಳ್ಳಗೆ ಕಂಡ ಮರದ ಮೇಲೆ ಮುದ್ರೆಯನ್ನು ಗುದ್ದಬೇಕು. ಆದರೆ ಮುದ್ರೆಗೆ ತನ್ನದೆಂಬ ಅರ್ಥವಿಲ್ಲ, ಅದು ಬಿದ್ದ ನೆಲದ ಅರ್ಥವೇ ಅದಕ್ಕೆ. ಬಡಗಣ ದಡದ್ದು ಮುದಿ ಕಾಡು, ಅಲ್ಲಿ ಉಳಿಸಬೇಕಾದ ಮರಗಳೇ ಕಡಿಮೆ. ಹಾಗಾಗಿ ಮುದ್ರೆ ಬಿದ್ದದ್ದು ಉಳಿಯುತ್ತದೆ. ತೆಂಕಣ ದಡದಲ್ಲಿ ಕಡಿಯಬೇಕಾದವೇ ಕಡಿಮೆ. ಅಲ್ಲಿ ಮುದ್ರೆ ಬಿದ್ದದ್ದು ಹೋಗುತ್ತದೆ. ಹೊರಗಿನವರಿಗೆ ಇದು ಹುಚ್ಚಾಟದಂತೆ ಕಾಣಬಹುದು. "ಯಾವುದು ಕಮ್ಮಿನೋ ಅದಕ್ಕೆ ಹೊಡೆದ್ರೆ ತೋಳು ನೋಯೋದೂ ಕಮ್ಮಿ," ಎನ್ನುತ್ತಿದ್ದ ಫಿರ್ಮೆಂ. ಎರಡು ಅರ್ಥಗಳ ನಡುವೆ ಹರಿಯುತ್ತಿದ್ದುದು ಒಂದು ಹಳ್ಳ, ಹಾರಿದರೆ ದಾಟಬಹುದಾದಷ್ಟು ಸಣ್ಣದು.

ಎಲ್ಲರೂ ಸಾಲಾಗಿ ಹರಡಿಕೊಂಡು ಹೊರಟರು. ಹಳ್ಳದ ಅಂಚು ಹಿಡಿದು ನಡೆಯುವುದು ಯಾವಾಗಲೂ ಒದೀಲ್. ಅವಳು ಗೆರೆ ತಪ್ಪುವವಳಲ್ಲ ಎಂಬುದು ಎಲ್ಲರ ನಂಬಿಕೆ. ಉಳಿದವರು ಅವಳಿಂದ ಅಂತರ ಅಳೆದುಕೊಂಡು ನಡೆಯುತ್ತಿದ್ದರು. ಮುದ್ರೆ ಹೊಡೆದವರು ಮರದ ಜಾತಿಯನ್ನೂ ದಪ್ಪವನ್ನೂ ಕೂಗಬೇಕು. ಹಿಂದೆ ಲೆಕ್ಕದ ಯಂತ್ರ ಹಿಡಿದು ಬರುವ ಗಿಲೇನ್, ಕೂಗಿದ್ದನ್ನು ಹಾಗೆಯೇ ತಿರುಗಿ ಕೂಗಿ, ಆಮೇಲೆ ಗುಂಡಿ ಒತ್ತಬೇಕು. ಕೂಗು ಎರಡು ಸಲ ಕೇಳಿದರೆ ಮಾತ್ರ ಆ ಮರ ಲೆಕ್ಕಕ್ಕೆ ಬಂದಂತೆ.

"ಓಕ್, ಎಂಬತ್ತು!" ವೆರ್ದಿಯೆಯ ದನಿ.

"ಓಕ್, ಎಂಬತ್ತು!" ಗಿಲೇನ್.

"ಓಕ್, ತೊಂಬತ್ತು, ಸುಂದರ!" ಒದೀಲ್.

"ಓಕ್, ತೊಂಬತ್ತು. ಸುಂದರ ಅನ್ನೋಕೆ ಯಂತ್ರದಲ್ಲಿ ಗುಂಡಿ ಇಲ್ಲ ಕಣೆ!"

"ಹಾಗಾದ್ರೆ ಹೊಸ ಯಂತ್ರ ತರಿಸಿ!"

ಕಾಡಿಗೆ ಕಾಡೇ ನಕ್ಕಿತು. ಒದೀಲ್ ಇಷ್ಟು ಗಟ್ಟಿಯಾಗಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಅವಳ ಪಕ್ಕದ ಸಾಲಿನಲ್ಲಿದ್ದ ಫಿರ್ಮೆಂ ಜೊಂಡಿನ ಪೊದೆಯ ಆಚೆಯಿದ್ದ. ಅವಳು ಕಣ್ಣಿಗೆ ಕಾಣದಿದ್ದಾಗ ದನಿಯಿಂದಲೇ ಅಂತರ ಅಳೆಯುವುದು ಅವನ ರೂಢಿ. ಯಾವಾಗಲೂ ಪಿಸುಗುಟ್ಟುವವಳ ದನಿ ಇಷ್ಟು ಜೋರಾಗಿ ಕೇಳಿದರೆ ಹತ್ತಿರವೇ ಇರಬೇಕು ಎಂದುಕೊಂಡ. ಅವಳು ದೂರ ಹೋಗುತ್ತಿದ್ದಳು.

ನಡುವೆ ಒಂದು ಸಣ್ಣ ನೀರು ಅಡ್ಡ ಬಂದಿತ್ತು. ಕಾಲುವೆಯೇನೋ ಎಂದು ಒಂದೇ ನೆಗೆತಕ್ಕೆ ಹಾರಿದಳು. ಹಾರಿ, ಆಚೆ ಬಿದ್ದು, ಎದ್ದು, ಮತ್ತೆ ನಕ್ಕಳು. ಮುಂದೆ ಅಗಲವಾದ ನೀರು ಹೊಳೆಯುತ್ತಿತ್ತು. ಅದೇ ಹಳ್ಳವೆಂದು ಅದರ ಅಂಚು ಹಿಡಿದಳು. ಅಲ್ಲಿ ಎಂಥ ಮರಗಳು! ಒಂದೊಂದು ಓಕ್ ಮರವೂ ತಾನು ಯಾರಿಗೂ ಏನೂ ಹೇಳಬೇಕಾದ್ದಿಲ್ಲ ಎಂಬಂತೆ ನಿಂತಿತ್ತು. ಇವು ಉಳಿಯಲಿ, ಇವೆಲ್ಲ ಉಳಿಯಲಿ, ಎಂದು ಎರಡಕ್ಕೆ ಹೊಡೆದಳು. ಮೂರನೆಯದರ ಬುಡ ಒಂದು ಕೋಣೆಯಷ್ಟು ದಪ್ಪವಿತ್ತು. ಅದಕ್ಕೆ ಹೊಡೆಯುವ ಮೊದಲು ತೊಗಟೆಗೆ ಕೆನ್ನೆಯೊತ್ತಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಪ್ರೀತಿಯಿಂದ, ಎರಡು ಸಲ, ಬಲವಾಗಿ ಗುದ್ದಿದಳು.

ಮಧ್ಯಾಹ್ನದ ಊಟಕ್ಕೆ ವೆರ್ದಿಯೆ ಸೀಟಿ ಊದಿದ. ಸೀಟಿ ಬಹಳ ದೂರದಿಂದ ಕೇಳಿತು.

ಇಷ್ಟು ದೂರವೇಕೆ, ಎಂದು ಒದೀಲ್ ನೀರಿನ ಕಡೆ ನೋಡಿದಳು. ಹಳ್ಳದ ತಳದಲ್ಲಿ ಮರಳಿರುತ್ತದೆ. ಈ ನೀರಿನ ತಳದಲ್ಲಿ ಮೊನ್ನೆ ಉದುರಿದ ಎಲೆಗಳು ಹಾಸಿಕೊಂಡಿದ್ದವು, ಎಳೆ ಬೀಚ್ ಸಸಿಗಳು ಕತ್ತಿನವರೆಗೆ ಮುಳುಗಿ ನಿಂತಿದ್ದವು. ಅವುಗಳ ನಡುವೆ ಬೆರಳುದ್ದದ ಮೀನೊಂದು ದಾರಿ ತಪ್ಪಿದವರಂತೆ ಅತ್ತಿತ್ತ ನೋಡುತ್ತಿತ್ತು. ಇದು ಹಳ್ಳವಲ್ಲ. ಬೆಳಿಗ್ಗೆ ತಾನೇ ಹುಟ್ಟಿದ ನೀರು ಇದು. ಕಪ್ಪೆಕೆರೆಯ ತೂಬಿನಿಂದ ಬಂದದ್ದು, ತಿಬೋ ಬಿಟ್ಟದ್ದು.

ಅವಳು ಹತ್ತಿರದ ಒಂದು ವಕ್ರ ಬೀಚ್ ಮರದ ಬೆನ್ನ ಕಡೆಗೆ ಹೋಗಿ ನೋಡಿದಳು. ಅಲ್ಲಿ ಹೋದ ವಾರದ ಮುದ್ರೆಯಿತ್ತು. ಕೆತ್ತಿದ ರೀತಿ ನೋಡಿದರೆ ಅವಳ ಕೈಯದೇ. ತೆಂಕಣ ದಡ! ಹಾರಿ ದಾಟಿದ್ದೇ ನಿಜವಾದ ಹಳ್ಳ. ಆಮೇಲೆ ಆ ಕೋಣೆಯಷ್ಟು ದಪ್ಪದ ಓಕ್ ಮರವನ್ನು ಸುತ್ತಿ ಬಂದಳು. ಆ ಬದಿಯಲ್ಲಿ ಹಳೆಯ ಸಿಡಿಲು ಕೊರೆದ ದೊಡ್ಡ ಪೊಟರೆ, ಕಿವಿಯ ಆಕಾರದ್ದು, ಅಂಚಿನ ತುಂಬ ಪಾಚಿ.

ಕಿವುಡಜ್ಜ!

ಹುಟ್ಟಿದಾಗಿನಿಂದ ನೋಡಿದ್ದ ಮರ. ಊರಿನ ಮಕ್ಕಳೆಲ್ಲ ಆ ಕಿವಿಯಲ್ಲಿ ಕೂಗಿ ಏನೇನೋ ಕೇಳಿಕೊಳ್ಳುತ್ತಿದ್ದರು. ಅಜ್ಜ ಯಾರಿಗೂ ಏನೂ ಕೊಟ್ಟದ್ದಿಲ್ಲ. ಆದರೆ ಎಲ್ಲರೂ ಅವನನ್ನು ನೋಡಿದ್ದು ರಸ್ತೆಯ ಕಡೆಯಿಂದ. ಜೌಗಿನ ಕಡೆಯಿಂದ ಬೆನ್ನು ಮಾತ್ರ ಕಂಡಾಗ ಅವಳಿಗೆ ಗುರುತೇ ಸಿಗಲಿಲ್ಲ, ಚರ್ಚಿನ ಪಾದ್ರಿಯನ್ನು ಈಜುಚಡ್ಡಿಯಲ್ಲಿ ಕಂಡಂತೆ. ಅವನ ಬೆನ್ನ ಮೇಲೆ ಈಗ ಅವಳ ಮುದ್ರೆ ಹಸಿಹಸಿಯಾಗಿ ಹೊಳೆಯುತ್ತಿತ್ತು. ಪೊಳ್ಳು ಮರ, ವೈನಿನ ಪೀಪಾಯಿಗೆ ಬರುವುದಿಲ್ಲ. ಆದರೆ ನಾಳೆ ವ್ಯಾಪಾರಿಗಳು ಕಂಡರೆ ಸೌದೆಗಾದರೂ ಹೋಗುತ್ತಾನೆ.

ಅವಳ ನಗು ನಿಂತಿತು. ಅವಳು ಓಡಿದಳು.

ವೆರ್ದಿಯೆ ಬಿದ್ದ ಮರವೊಂದರ ಮೇಲೆ ಕೂತು, ಹೆಂಡತಿ ಮಾಡಿಕೊಟ್ಟ ಆಲೂಗಡ್ಡೆ ಕಡುಬಿನ ದೊಡ್ಡ ತುಂಡನ್ನು ಬಾಯಿಗಿಟ್ಟಿದ್ದ.

"ಶೆಫ್, ನಾನು ತೆಂಕಣ ದಡದಲ್ಲಿ ಹೊಡ್ದೆ."

"ಏನ್ ಹೊಡ್ದೆ?"

"ಮುದ್ರೆ. ಮೂರು ಓಕ್. ಅದ್ರಲ್ಲಿ ಒಂದು ಕಿವುಡಜ್ಜ."

ಕಡುಬು ಗಂಟಲಲ್ಲಿ ಸಿಕ್ಕಿ ವೆರ್ದಿಯೆ ಕೆಮ್ಮತೊಡಗಿದ. ಗಿಲೇನ್ ಅವನ ಬೆನ್ನಿಗೆ ಗುದ್ದಿದಳು. ಫಿರ್ಮೆಂ ತನ್ನ ವೈನ್ ಲೋಟವನ್ನು ಮೆಲ್ಲಗೆ ನೆಲದ ಮೇಲಿಟ್ಟ.

"ಕಿವುಡಜ್ಜನಿಗಾ?" ಎಂದ ಅವನು. "ಲೇ ಹುಡುಗಿ, ನಮ್ಮಪ್ಪ ನಮ್ಮಮ್ಮನ್ನ ಮದುವೆಯಾಗು ಅಂತ ಕೇಳಿದ್ದು ಆ ಮರದ ಕೆಳಗೆ. ನೀನು ಅದನ್ನ ಸೌದೆ ಮಾಡ್ತೀಯಾ?"

"ರದ್ದು ಮಾಡಿ ಶೆಫ್. ಈಗ್ಲೇ."

"ಮಾಡದೆ ಇನ್ನೇನು," ಎಂದು ವೆರ್ದಿಯೆ ಕಣ್ಣೊರೆಸಿಕೊಂಡ. "ಮಾಡೋದು ಹೇಗೆ ಅಂತ ಗೊತ್ತಲ್ಲ?"

ಗೊತ್ತಿತ್ತು. ತಪ್ಪು ಮುದ್ರೆಯನ್ನು ಹೊಡೆದವರೊಬ್ಬರೇ ಅಳಿಸುವಂತಿಲ್ಲ. ಎಲ್ಲರೂ ಮರದ ಬಳಿಗೆ ಹೋಗಬೇಕು. ಶೆಫ್ ಮುದ್ರೆಯ ಮೇಲೆ ಅಡ್ಡ ಹೊಡೆಯಬೇಕು. ಇಷ್ಟು ಕಾನೂನು. ಇದರ ಜೊತೆ ಈ ಕಾಡಿನ ವಾಡಿಕೆಯೊಂದಿತ್ತು: ತಪ್ಪು ಮಾಡಿದವರು ಮರದ ಮುಂದೆ ನಿಂತು ಕಾರಣ ಕೂಗಬೇಕು, ಲೆಕ್ಕದವಳು ಅದನ್ನು ತಿರುಗಿ ಕೂಗಬೇಕು, ಆಮೇಲೆಯೇ ಶೆಫ್‌ನ ಸುತ್ತಿಗೆ. ಸುಳ್ಳು ಕಾರಣ ಕೂಗಿದರೆ ಆ ಮರ ಮೊದಲ ಗಾಳಿಗೆ ತಾನಾಗಿಯೇ ಬೀಳುತ್ತದೆ ಎಂದು ನಂಬಿಕೆ.

"ಹಿಂದೆ ಹೀಗೇ ತಪ್ಪು ಹೊಡ್ದ ಜೆರೋಮ್, ಕಣ್ಣಲ್ಲಿ ಧೂಳು ಬಿತ್ತು ಅಂದಿದ್ದ," ಫಿರ್ಮೆಂ ನೆನಪಿಸಿದ. "ಹೊಟ್ಟೇಲಿ ವೈನ್ ಬಿದ್ದಿತ್ತು ಅಂತ ಎಲ್ಲರಿಗೂ ಗೊತ್ತು. ಮರ ಎಲ್ಲಿ ಬಿತ್ತು ಗೊತ್ತಾ? ಅವನ ಹೊಸ ಕಾರಿನ ಮೇಲೆ."

ಹಳ್ಳದ ಬಳಿಗೆ ಬಂದಾಗ ನೀರು ಬೆಳಿಗ್ಗೆಗಿಂತ ಹೆಚ್ಚಿತ್ತು. ನೆಲ ಯಾವುದು, ನೀರು ಯಾವುದು, ಪಾಚಿ ಯಾವುದು ತಿಳಿಯುತ್ತಿರಲಿಲ್ಲ. ಫಿರ್ಮೆಂ ಕೋಲೂರಿ ಮುಂದೆ ಹೋದ. ಅವನು ಹೆಜ್ಜೆಯಿಟ್ಟಲ್ಲೇ ಹೆಜ್ಜೆಯಿಟ್ಟು ಗಿಲೇನ್ ಹೋದಳು, ಯಂತ್ರವನ್ನು ತಲೆಯ ಮೇಲೆ ಎತ್ತಿ ಹಿಡಿದು. ವೆರ್ದಿಯೆ ತನಗೆ ಈ ಜೌಗು ಯಾರೂ ತೋರಿಸಬೇಕಾಗಿಲ್ಲವೆಂದು ಪಕ್ಕದಲ್ಲಿ ಕಾಲಿಟ್ಟು ಸೊಂಟದವರೆಗೆ ಇಳಿದುಹೋದ. ಮೂವರೂ ಸೇರಿ ಎಳೆದರು. ಬಂದಾಗ ಅವನ ಮೀಸೆಯಿಂದ ಹಸಿರು ಎಳೆಯೊಂದು ನೇತಾಡುತ್ತಿತ್ತು, ಯಾರಿಗೂ ಹೇಳುವ ಧೈರ್ಯವಾಗಲಿಲ್ಲ. ಬೂದುಬಣ್ಣದ ಬಕವೊಂದು ಅವರ ಸಪ್ಪಳಕ್ಕೆ ಬೇಸತ್ತು ಎದ್ದು ಹಾರಿತು.

ಮೊದಲ ಓಕ್ ಮರ.

"ಕಾರಣ?" ವೆರ್ದಿಯೆ ಗಂಭೀರವಾಗಿ ಕೇಳಿದ. ಮೀಸೆಯ ಹಸಿರು ಅಲುಗಿತು.

"ನೀರು!" ಎಂದಳು ಒದೀಲ್.

"ನೀರು!" ಎಂದಳು ಗಿಲೇನ್.

ಸುತ್ತಿಗೆ ಬಿತ್ತು. ಒಂದು ಮರ ಉಳಿಯಿತು. ನೀರು ಸುಳ್ಳಲ್ಲ, ಎಂದು ಒದೀಲ್ ತನಗೆ ತಾನೇ ಹೇಳಿಕೊಂಡಳು. ಆದರೆ ಎರಡನೆಯ ಮರದ ಕಡೆ ನಡೆಯುವಾಗ ಫಿರ್ಮೆಂ ಗೊಣಗಿದ: "ಎಲ್ಲರಿಗೂ ಇದೇ ನೀರು. ಇವಳು ಹಲ್ಲು ಹುಟ್ಟೋಕೆ ಮುಂಚೆ ಈ ಹಳ್ಳದಲ್ಲಿ ಕಾಲಾಡಿಸಿದೋಳು. ದಾಟಿದ್ದು ಗೊತ್ತಾಗ್ಲಿಲ್ವಂತೆ!"

ಎರಡನೆಯ ಮರದ ಮುಂದೆ ಅವಳು ತುಸು ಯೋಚಿಸಿದಳು.

"ಗಮನ ಇರ್ಲಿಲ್ಲ!"

"ಗಮನ ಇರ್ಲಿಲ್ಲ!" ಗಿಲೇನ್ ಕೂಗಿ, ಕೂಡಲೇ ದನಿ ತಗ್ಗಿಸಿದಳು. "ಎಲ್ಲಿತ್ತೆ?"

"ಮುಂದೆ ನಡಿ ಗಿಲೇನ್," ಎಂದು ವೆರ್ದಿಯೆ ಆ ಮುದ್ರೆಗೂ ಅಡ್ಡ ಹೊಡೆದ.

"ಬೆಳಿಗ್ಗೆಯಿಂದ ಹಾಡ್ತಿದ್ಲು ಕಣೋ ಫಿರ್ಮೆಂ. ನಾನು ಕಿವಿಯಾರೆ ಕೇಳ್ದೆ. ಇವಳು ಹಾಡೋದು ಅಂದ್ರೆ ಗೆಂಡೆ ಮೀನು ಮರ ಹತ್ತಿದ ಹಾಗೆ."

ಕಿವುಡಜ್ಜ ನಿಂತಿದ್ದುದು ಜೌಗಿನ ಕೊನೆಯಲ್ಲಿ, ಕೆರೆ ಏರಿಯ ಬುಡಕ್ಕೆ ಹತ್ತಿರ. ಅವನ ಸುತ್ತ ಈಗ ನೀರು ಕಪ್ಪಗೆ ಹರಡಿತ್ತು. ಜೊಂಡಿನ ಆಚೆ, ಏರಿಯ ಕೆಳಗಿನ ಕಲ್ಲಿನ ಹೊಂಡದಲ್ಲಿ ಮೀನು ಹಿಡಿಯುವ ಗದ್ದಲ ಕೇಳುತ್ತಿತ್ತು. ಊರಿಗೆ ಊರೇ ಅಲ್ಲಿ ಸೇರಿರುವ ದಿನ. ಮಕ್ಕಳ ಕಿರುಚು, ಬಕೆಟ್ಟುಗಳ ಸದ್ದು, ಬೆಣ್ಣೆಯಲ್ಲಿ ಮೀನು ಕರಿಯುವ ವಾಸನೆ.

ವೆರ್ದಿಯೆ ಕೋಲಿನಿಂದ ನೀರಿನ ಆಳ ನೋಡಿದ.

"ಹೊಟ್ಟೆವರೆಗೂ ಬರತ್ತೆ. ನಾನಂತೂ ಆಗ್ಲೇ ನೆಂದು ನಡುಗ್ತಿದ್ದೀನಿ. ಬೇಡ. ನಾಳೆ ನೀರು ಇಳಿದ್ಮೇಲೆ ನೋಡೋಣ."

"ನಾಳೆ ವ್ಯಾಪಾರಿಗಳು ಬರ್ತಾರೆ," ಎಂದಳು ಒದೀಲ್.

"ರಸ್ತೆ ಕಡೆಯಿಂದ ಬರ್ತಾರೆ. ಬೆನ್ನು ನೋಡ್ದೆ ಇದ್ರೂ ಇರಬಹುದು."

"ನೋಡಿದ್ರೆ?"

ವೆರ್ದಿಯೆ ಉತ್ತರ ಕೊಡಲಿಲ್ಲ. ಈ ಮೌನದ ಅರ್ಥ ಅವಳಿಗೆ ಗೊತ್ತಿತ್ತು. ಇಂಥದ್ದರ ಒಳಗೇ ಕೂತು ಅವಳು ವರ್ಷಗಟ್ಟಲೆ ಎಷ್ಟೋ ವಿಷಯಗಳನ್ನು ತಾವಾಗಿಯೇ ಮುಗಿದುಹೋಗಲು ಬಿಟ್ಟಿದ್ದಳು. ಯಾರೂ ಏನೂ ಹೇಳದಿದ್ದರೆ ಮರ ಬೀಳುತ್ತದೆ, ಅಷ್ಟೇ. ಒದೀಲ್ ನೀರಿಗಿಳಿದಳು. ಮೊಣಕಾಲು, ತೊಡೆ, ಸೊಂಟ. ನವೆಂಬರ್ ನೀರು ಉಸಿರು ಕಿತ್ತುಕೊಂಡಿತು. ಅವಳು ಹಿಂದಕ್ಕೆ ಕೈ ಚಾಚಿದಳು.

"ಕೊಡಿ ಶೆಫ್, ಕೈ."

ವೆರ್ದಿಯೆ ಬೈದುಕೊಂಡೇ ಕೈ ಕೊಟ್ಟ. ಅವನ ಇನ್ನೊಂದು ಕೈಯನ್ನು ಗಿಲೇನ್ ಹಿಡಿದಳು, ಗಿಲೇನಳ ಸೊಂಟಪಟ್ಟಿಯನ್ನು ಫಿರ್ಮೆಂ ಹಿಡಿದ. "ಅಯ್ಯೋ, ಅಯ್ಯಯ್ಯೋ, ತಣ್ಣಗೆ, ಅಮ್ಮಾ!" ಎಂದು ಒಬ್ಬೊಬ್ಬರೂ ಒಂದೊಂದು ರಾಗದಲ್ಲಿ ಕೂಗುತ್ತ ಸರಪಳಿಯಾಗಿ ಸಾಗಿದರು. ನಡುನೀರಿನಲ್ಲಿ ಒಬ್ಬರಿಗೆ ನಗು ಬಂತು, ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಶೆಫ್ ಕೂಡ ನಕ್ಕ. ಕಿವುಡಜ್ಜನ ಬೇರುಗಳ ಮೇಲೆ ಹತ್ತಿ ನಿಂತಾಗ ನಾಲ್ವರ ಹಲ್ಲೂ ಕಟಕಟ ಎನ್ನುತ್ತಿದ್ದವು.

"ಕಾರಣ?" ವೆರ್ದಿಯೆ ಸುತ್ತಿಗೆ ಎತ್ತಿದ.

ಒದೀಲ್ ಆ ಮುದ್ರೆಯನ್ನು ನೋಡಿದಳು. ಇವನಿಗೆ ಸುಳ್ಳು ಹೇಳಲಾಗದು. ಅರ್ಧ ನಿಜವನ್ನೂ ಹೇಳಲಾಗದು. ಮರವನ್ನು ಸುತ್ತಿ ಪೊಟರೆಯ ಬಳಿಗೆ ಹೋಗಿ, ಆ ಕಿವಿಯೊಳಗೆ ತಲೆಯಿಟ್ಟು, ಮೆಲ್ಲಗೆ ಹೇಳಿದಳು.

"ನಂಗೇನೂ ಕೇಳಿಸ್ಲಿಲ್ಲ," ಎಂದಳು ಗಿಲೇನ್. "ಕೇಳಿಸದ್ದನ್ನ ನಾನು ವಾಪಸ್ ಹೇಗೆ ಕೂಗ್ಲಿ?"

"ಅಜ್ಜಂಗೂ ಕೇಳಿಸಿಲ್ಲ," ಎಂದ ಫಿರ್ಮೆಂ. "ಹೆಸರೇ ಕಿವುಡಜ್ಜ ಕಣಮ್ಮ. ಗಟ್ಟಿ ಹೇಳು."

"ಮುತ್ತು ಕೊಟ್ಟೆ," ಎಂದಳು ಒದೀಲ್ ತುಸು ಗಟ್ಟಿಯಾಗಿ.

"ಏನ್ ಕೊಟ್ಟೆ? ಯಾರಿಗೆ? ಜೋರಾಗಿ! ನಾನಿಲ್ಲಿ ಐಸ್ ಆಗ್ತಿದ್ದೀನಿ!" ವೆರ್ದಿಯೆ ಗುಡುಗಿದ.

ಒದೀಲ್ ಕಣ್ಣು ಮುಚ್ಚಿದಳು. ಪೊಟರೆಯೊಳಗೇ ಕೂಗಿದಳು.

"ಬೆಳಿಗ್ಗೆ ತಿಬೋಗೆ ಮುತ್ತು ಕೊಟ್ಟೆ!"

ಪೊಟರೆ ಆ ಕೂಗನ್ನು ನುಂಗಿ ದೊಡ್ಡದು ಮಾಡಿ ಹೊರಗೆ ಎಸೆಯಿತು. ಗಿಲೇನ್‌ಗೆ ಇಪ್ಪತ್ತು ವರ್ಷದ ರೂಢಿ. ಮನಸ್ಸು ಕೇಳಿಸಿಕೊಳ್ಳುವ ಮೊದಲೇ ಅವಳ ಬಾಯಿ ತೆರೆಯಿತು. ಕಾಡಿನ ಆ ತುದಿಯಿಂದ ಈ ತುದಿಗೆ ಮುಟ್ಟುವ ದನಿ ಅವಳದು.

"ಬೆಳಿಗ್ಗೆ ತಿಬೋಗೆ ಮುತ್ತು ಕೊಟ್ಟೆ!"

ಜೊಂಡಿನ ಆಚೆಯ ಗದ್ದಲ ನಿಂತಿತು. ಒಂದು ಬಕೆಟ್ಟು ಕಲ್ಲಿನ ಮೇಲೆ ಉರುಳುವುದು ಕೇಳಿತು, ಆಮೇಲೆ ಅದೂ ಇಲ್ಲ.

"ಗಿಲೇನ್?" ಏರಿಯ ಮೇಲಿಂದ ಗಂಡು ದನಿಯೊಂದು ಬಂತು. ಮೀನು ಕೊಳ್ಳಲು ಬಂದಿದ್ದ ಅರ್ಮಾಂ, ಗಿಲೇನಳ ಗಂಡ. "ಗಿಲೇನ್! ಏನಂದೆ ನೀನು?"

"ನಾನಲ್ಲ!" ಗಿಲೇನ್ ಕಿರುಚಿದಳು. "ನಾನು ಬರೀ ವಾಪಸ್ ಕೂಗಿದ್ದು!"

"ನಿನ್ ದನಿ ನಂಗೆ ಗೊತ್ತಿಲ್ವಾ? ಬೆಳಿಗ್ಗೆ ಬೇಗ ಹೋಗ್ಬೇಕು ಅಂದಿದ್ದು ಇದಕ್ಕೇನಾ?"

"ಅಯ್ಯೋ ಮಂಕೇ! ಕೆಲಸ ಕಣೋ ಇದು! ಕೆಲಸ!"

"ಯಾವ ಸೀಮೆ ಕೆಲಸ!"

ಏರಿಯ ಮೇಲೆ ಯಾರೋ ಕಿಸಕ್ಕೆಂದರು. ಮಗುವೊಂದು, ತಿಬೋಗೆ ಎಷ್ಟು ಜನ ಮುತ್ತು ಕೊಟ್ಟರು ಎಂದು ಅಮ್ಮನನ್ನು ಕೇಳಿತು. ಫಿರ್ಮೆಂ ಬೇರಿನ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ ಅಲುಗುತ್ತಿದ್ದ.

ಒದೀಲ್‌ಗೆ ಗೊತ್ತಾಯಿತು, ಈಗ ತಾನು ಸುಮ್ಮನಿದ್ದರೆ ಅದು ಗಿಲೇನಳ ಮೇಲೆಯೇ ಉಳಿಯುತ್ತದೆ. ಕಿವುಡಜ್ಜನ ಎತ್ತರದ ಬೇರು ಹತ್ತಿದಳು. ಅಲ್ಲಿಂದ ಜೊಂಡಿನ ಮೇಲೆ ಏರಿ ಕಾಣುತ್ತಿತ್ತು, ಏರಿಯ ಮೇಲೆ ಸಾಲಾಗಿ ಊರು ನಿಂತಿತ್ತು, ಕೆಳಗಿನ ಹೊಂಡದಲ್ಲಿ ಬಲೆಯ ಒಂದು ತುದಿ ಹಿಡಿದು ತಿಬೋ ನಿಂತಿದ್ದ. ಎದೆಯವರೆಗಿನ ರಬ್ಬರ್ ಉಡುಪು, ತೆರೆದ ಬಾಯಿ.

"ನಾನು," ಎಂದಳು ಅವಳು. ಕೂಗಬೇಕಾಗಿರಲಿಲ್ಲ, ಅಷ್ಟು ನಿಶ್ಶಬ್ದವಿತ್ತು. "ಅರ್ಮಾಂ, ಗಿಲೇನ್ ಅಲ್ಲ. ನಾನು ಕೊಟ್ಟಿದ್ದು."

ಹಿಂದೆ ವೆರ್ದಿಯೆಯ ಸುತ್ತಿಗೆ ಬಿತ್ತು. ಮುದ್ರೆಯ ಮೇಲೆ ಅಡ್ಡವಾಗಿ, ಒಂದೇ ಏಟಿಗೆ. "ರದ್ದು," ಎಂದ ಅವನು, ಯಾರೂ ಕೇಳದಿದ್ದರೂ. "ರದ್ದು," ಎಂದು ಗಿಲೇನ್ ಅಳುದನಿಯಲ್ಲಿ ತಿರುಗಿ ಹೇಳಿ ಗುಂಡಿ ಒತ್ತಿದಳು. ಅಜ್ಜ ಉಳಿದ.

ತಿಬೋ ಮಾತಾಡಲಿಲ್ಲ. ಮಾತಾಡುವುದಕ್ಕೆಂದೇ ಹುಟ್ಟಿದವನು, ಪೈಕ್ ಮೀನಿಗೂ ನಾಲ್ಕು ಮಾತು ಹೇಳದೆ ಬುಟ್ಟಿಗೆ ಹಾಕದವನು, ಊರಿನ ಮುಂದೆ ನಿಂತು ಒಂದು ಅಕ್ಷರ ಆಡಲಿಲ್ಲ. ಬಲೆಯನ್ನು ಕೈಬಿಟ್ಟ. ಹೊಂಡದ ತಡೆಯನ್ನು ದಾಟಿ ಜೌಗಿಗಿಳಿದ. ಜೊಂಡನ್ನು ಎರಡೂ ಕೈಯಿಂದ ಸರಿಸುತ್ತ, ಪ್ರತಿ ಹೆಜ್ಜೆಗೂ ಇನ್ನಷ್ಟು ಹೂತುಹೋಗುತ್ತ ಬರತೊಡಗಿದ. ಅವನ ತೋಳಿನಲ್ಲಿ ದೊಡ್ಡ ಗೆಂಡೆ ಮೀನೊಂದಿತ್ತು. ಕೆಳಗಿಡಲು ಮರೆತಿದ್ದನೆಂದು ಕಾಣುತ್ತದೆ.

ಒದೀಲ್ ನೋಡುತ್ತ ನಿಂತಳು. ಬೆಳಿಗ್ಗೆ ತಾನು ಮಾಡಿದ ಮೌನ ಕೆಸರಿನಲ್ಲಿ ನಡೆದು ತನ್ನ ಕಡೆಗೆ ಬರುತ್ತಿತ್ತು, ತಪ್ಪು ತಿಳಿಯಲು ಸಾಧ್ಯವೇ ಇಲ್ಲದಂತೆ. ಅವಳಿಗೆ ಮತ್ತೆ ತಲೆ ಹಗುರಾಯಿತು. ಬೇರಿನಿಂದ ಕೆಳಗೆ ಹಾರಿದಳು.

"ಹುಷಾರು, ಅಲ್ಲಿ ಆಳ ಇದೆ!" ವೆರ್ದಿಯೆ ಕೂಗಿದ.

"ಬಿಡಿ ಶೆಫ್," ಎಂದ ಫಿರ್ಮೆಂ. "ಇನ್ನೇನು ಆಗಬೇಕು ಅವಳಿಗೆ."

ಇಬ್ಬರೂ ಒಂದು ತೋಳಿನಳತೆಯಲ್ಲಿ ನಿಂತರು, ಏಕೆಂದರೆ ಇಬ್ಬರಿಗೂ ಮುಂದೆ ಹೆಜ್ಜೆ ಇಡಲಾಗಲಿಲ್ಲ. ಗೆಂಡೆ ಮೀನು ಒಮ್ಮೆ ಬಾಲ ಬಡಿದು ತಿಬೋನ ಗಲ್ಲಕ್ಕೆ ಕೆಸರು ಹಚ್ಚಿ, ಅವನ ತೋಳಿನಿಂದ ಜಾರಿ, 'ದುಡುಂ' ಎಂದು ನೀರಿಗೆ ಬಿತ್ತು.

"ತಿಬೋ! ಬಲೆ ಬಿಟ್ಯಲ್ಲೋ ಪಾಪಿ!" ಏರಿಯ ಮೇಲಿಂದ ಹತ್ತು ದನಿ ಒಟ್ಟಿಗೆ ಎದ್ದವು. "ಮೀನೆಲ್ಲ ಹೊರಟ್ವು! ತಿಬೋ!"

ನಿಜವಾಗಿಯೂ ಹೊರಟಿದ್ದವು. ಕಂಚಿನ ಬಣ್ಣದ ಬೆನ್ನುಗಳು ಜೊಂಡಿನ ಸಂದಿಯಿಂದ, ಕಿವುಡಜ್ಜನ ಬೇರುಗಳ ನಡುವಿನಿಂದ, ಅವರಿಬ್ಬರ ಕಾಲುಗಳಿಗೆ ಉಜ್ಜಿಕೊಂಡು ಕಾಡಿನೊಳಕ್ಕೆ ಸಾಗುತ್ತಿದ್ದವು. ಮಕ್ಕಳು ಬಕೆಟ್ಟು ಹಿಡಿದು ಏರಿಯಿಂದ ಉರುಳಿಕೊಂಡು ಇಳಿದರು. ಅರ್ಮಾಂ ಕೂಡ ಇಳಿದ. ಮೀನಿಗೋ ಹೆಂಡತಿಗೋ ತಿಳಿಯಲಿಲ್ಲ. ವೆರ್ದಿಯೆ ಒಂದು ಗೆಂಡೆಯನ್ನು ಟೋಪಿಯಲ್ಲಿ ಹಿಡಿಯಲು ಹೋಗಿ ಮತ್ತೆ ಬಿದ್ದ.

ತಿಬೋ ತಿರುಗಿಯೂ ನೋಡಲಿಲ್ಲ. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ನನ್ ಕಾಲು ಬರ್ತಿಲ್ಲ," ಎಂದ ಕೊನೆಗೆ.

"ನಂದೂ," ಎಂದಳು ಒದೀಲ್. ಅವನ ರಬ್ಬರ್ ಉಡುಪಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಲವಾಗಿ ತನ್ನ ಕಡೆಗೆ ಎಳೆದಳು.